ಉಚಿತ ಡೈಮಂಡ್ ಎಂಬ ಬಲೆ: ಮೊದಲ ಕರೆ 1930ಕ್ಕೆ

ಕಡೂರು ತಾಲ್ಲೂಕಿನ ದೇವನೂರಿನ ಹುಡುಗನಿಗೂ ಬೆಂಗಳೂರಿನ ಹುಡುಗನಿಗೂ ಬರುವ ಸಂದೇಶ ಒಂದೇ: ‘ಫ್ರೀ ಫೈರ್ ಕಂಪನಿಯಿಂದ ಮಾತಾಡ್ತಿದೀವಿ, ಈ ಲಿಂಕ್‌ನಲ್ಲಿ ಲಾಗಿನ್ ಆದರೆ ಡೈಮಂಡ್ ಉಚಿತ.’ ಡೈಮಂಡ್ ಎಂದರೆ ಆ ಮೊಬೈಲ್ ಆಟದೊಳಗಿನ ನಾಣ್ಯ; ಬಿಜಿಎಂಐ ಆಟ ಆಡುವವರಿಗೆ ಅದರ ಬದಲು ಯುಸಿ ಆಸೆ. ತೆರೆಯುವುದು ಗೂಗಲ್ ಅಥವಾ ಫೇಸ್‌ಬುಕ್ ಲಾಗಿನ್ ಹೋಲುವ ನಕಲಿ ಪುಟ. ಪಾಸ್‌ವರ್ಡ್ ಒತ್ತಿದೊಡನೆ ಐಡಿ ಕೈತಪ್ಪಿತು. ಆಮೇಲೆ ಅದೇ ಐಡಿಯಿಂದ ಗೆಳೆಯರಿಗೆ ‘ಅರ್ಜೆಂಟ್ ದುಡ್ಡು ಕಳಿಸೋ’ ಎಂಬ ಬೇಡಿಕೆ ಹೋಗುತ್ತದೆ. ಅಪ್ಪನ ಯುಪಿಐ ಇರುವ ಫೋನಾದರೆ ವಂಚಕರು ‘ಬಹುಮಾನ ಜಮಾ ಆಗಲು ಪಿನ್ ಹಾಕು’ ಎನ್ನುತ್ತಾರೆ. ಹಣ ಪಡೆಯಲು ಪಿನ್ ಬೇಕಿಲ್ಲ. ಪಿನ್ ಕೇಳಿದರೆ ಅದು ನಿಮ್ಮ ಖಾತೆಯಿಂದ ಹಣ ಹೋಗುವ ದಾರಿ.

ಇನ್ನೊಬ್ಬರ ಪಾಸ್‌ವರ್ಡನ್ನು ವಂಚನೆಯಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 66ಸಿ ಕಲಮಿನಡಿ ಅಪರಾಧ. ಮೊಬೈಲ್ ಮೂಲಕ ಬೇರೆಯವರ ಸೋಗು ಹಾಕಿ ಮೋಸ ಮಾಡುವುದು 66ಡಿ ಅಡಿ. ಎರಡಕ್ಕೂ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಭಾರತೀಯ ನ್ಯಾಯ ಸಂಹಿತೆಯ 319ನೇ ಕಲಮಿನಲ್ಲಿ ಸೋಗಿನ ವಂಚನೆಗೆ 5 ವರ್ಷದವರೆಗೆ ಶಿಕ್ಷೆಯಿದೆ.

ಆದರೆ ಹಣ ಉಳಿಸುವುದು ಕಲಮಲ್ಲ, ಗಳಿಗೆ. ಬೈಗುಳಕ್ಕೆ ಹೆದರಿ ಮಗು ಎರಡು ದಿನ ಬಾಯಿ ಬಿಡದಿದ್ದರೆ, ಅಷ್ಟರಲ್ಲಿ ಹಣ ಹಲವು ಖಾತೆ ದಾಟಿರುತ್ತದೆ. ಅಪ್ಪ ಅಮ್ಮಂದಿರೇ, ಗದರುವುದು ಆಮೇಲಿರಲಿ. ಗೊತ್ತಾದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ವಹಿವಾಟಿನ ಸಂಖ್ಯೆ ಹೇಳಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ವಂಚಕನ ಖಾತೆಯಲ್ಲಿ ಹಣ ಉಳಿದಿದ್ದರೆ ಅದನ್ನು ತಡೆಹಿಡಿಸಬಹುದು. ಬ್ಯಾಂಕಿಗೂ ಆಗಲೇ ತಿಳಿಸಿ: ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಪ್ರಕಾರ, ಪಿನ್ ನೀವೇ ಕೊಟ್ಟಿದ್ದರೂ ಬ್ಯಾಂಕಿಗೆ ದೂರು ಕೊಟ್ಟ ನಂತರ ಆಗುವ ಅನಧಿಕೃತ ವಹಿವಾಟಿನ ನಷ್ಟ ಬ್ಯಾಂಕಿನದು. ಚಾಟ್, ಲಿಂಕ್, ನಂಬರ್ ಅಳಿಸಬೇಡಿ. ಸ್ಕ್ರೀನ್‌ಶಾಟ್ ತೆಗೆದಿಡಿ, ಅವೇ ಸಾಕ್ಷ್ಯ.

ಪೊಲೀಸ್ ದೂರಿಗೆ ಜಿಲ್ಲಾ ಕೇಂದ್ರ ಚಿಕ್ಕಮಗಳೂರಿನ ಸೈಬರ್ (ಸೆನ್) ಠಾಣೆಗೇ ಹೋಗಬೇಕೆಂದಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು, ‘ನಮ್ಮ ವ್ಯಾಪ್ತಿಯಲ್ಲ’ ಎಂದು ವಾಪಸ್ ಕಳಿಸುವಂತಿಲ್ಲ. ಎಫ್‌ಐಆರ್ ಪ್ರತಿ ಉಚಿತ. ದಾಖಲಿಸದಿದ್ದರೆ ಜಿಲ್ಲಾ ಎಸ್‌ಪಿಗೆ ಅಂಚೆಯಲ್ಲಿ ಬರೆಯಿರಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಿ. ವಕೀಲರ ಶುಲ್ಕದ ಚಿಂತೆ ಬೇಡ: ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1987ರ 12ನೇ ಕಲಮಿನಡಿ ಮಕ್ಕಳಿಗೂ ಮಹಿಳೆಯರಿಗೂ ಮನೆಯ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ಅದರ ಸಹಾಯವಾಣಿ 15100.