ದಾದಾನ ತವರ, ಕೆಂಪೇಗೌಡರ ಕಂಚು

ಕಳೆದ ರಜೆಯಲ್ಲಿ ದುಬೈನಿಂದ ಬರುವ ಚಾಚಾನನ್ನು ಕರೆತರಲು ಬೆಂಗಳೂರು ವಿಮಾನ ನಿಲ್ದಾಣಕ್ಕೆ ಹೋಗಿದ್ದೆವು. ವಿಮಾನ ತಡವಾದ್ದರಿಂದ ಕೆಂಪೇಗೌಡರ ಪ್ರತಿಮೆ ನೋಡಲು ಸಮಯ ಸಿಕ್ಕಿತು. ಎತ್ತರ 108 ಅಡಿ. ಅನಾವರಣವಾದದ್ದು 2022ರ ನವೆಂಬರ್ 11ರಂದು. ಕೈಯಲ್ಲಿರುವ ಖಡ್ಗವೊಂದೇ 4 ಟನ್. ಎಲ್ಲರೂ ಫೋಟೋ ತೆಗೆಯುತ್ತಿದ್ದರೆ ನನ್ನ ದಾದಾ ಮಾತ್ರ, "ಇದಕ್ಕ ತವರ ಎಷ್ಟ ಹಾಕ್ಯಾರ?" ಎಂದು ಕೇಳಿದರು.

ಅವರು ಹಾಗೆ ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ. ರೋಣ, ನರಗುಂದ, ಗಜೇಂದ್ರಗಡದ ಸಂತೆಗಳಲ್ಲಿ ನಲವತ್ತು ವರ್ಷ ಕಲಾಯಿ ಹಾಕಿದವರು ಅವರು. ತಾಮ್ರದ ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರ ಮುಟ್ಟಿಸಿ ಅರಿವೆಯಿಂದ ಒರೆಸಿದರೆ ಒಳಗೆಲ್ಲ ಬೆಳ್ಳಿಯ ಹೊಳಪು. ಹುಳಿ ಸಾರು ತಾಮ್ರಕ್ಕೆ ತಾಗಿ ಕಿಲುಬು ಬರದಂತೆ ತಡೆಯುವ ಉಪಾಯ ಅದು. ಸ್ಟೀಲ್ ಪಾತ್ರೆ ಬಂದ ಮೇಲೆ ಕಲಾಯಿ ಕೇಳುವವರಿಲ್ಲವಾದರು.

ಊರಿಗೆ ಬಂದ ಮೇಲೆ ಓದಿ ಉತ್ತರ ಹುಡುಕಿದೆ. ಕಂಚು ಎಂದರೆ ತಾಮ್ರ ಮತ್ತು ತವರ, ದಾದಾ ಕೈಯಾಡಿಸಿದ ಅವೇ ಎರಡು ಲೋಹಗಳು. ಶುದ್ಧ ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಬೇಕು. ನೂರರಲ್ಲಿ ಹತ್ತು ಪಾಲು ತವರ ಬೆರೆತರೆ ಸುಮಾರು 1000ಕ್ಕೇ ಕರಗಿ ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ. ಪ್ರತಿಮೆಗಳಿಗೆ ಸಾಮಾನ್ಯವಾಗಿ ಬಳಸುವ ಒಂದು ಮಿಶ್ರಣದಲ್ಲಿ ತಾಮ್ರ 85 ಪಾಲು. ತವರ, ಸತು, ಸೀಸ ತಲಾ 5.

ಕೆಂಪೇಗೌಡರ ಪ್ರತಿಮೆಗೆ 98 ಟನ್ ಕಂಚು, 120 ಟನ್ ಉಕ್ಕು ಬಳಸಿದ್ದಾರೆ. ಇಲ್ಲಿ ಒಂದು ಲೆಕ್ಕ ಮಾಡಿ ನೋಡಿ, ಗೆಳೆಯರೇ. ಕಂಚಿನ ಸಾಂದ್ರತೆ ಘನ ಮೀಟರಿಗೆ ಸುಮಾರು 8.8 ಟನ್. 98ನ್ನು ಭಾಗಿಸಿದರೆ 11 ಘನ ಮೀಟರ್. ಅಂದರೆ ಅಷ್ಟೂ ಕಂಚನ್ನು ಗಟ್ಟಿಯಾಗಿ ಎರಕ ಹೊಯ್ದರೆ ಬದಿಗೆ ಎರಡೂಕಾಲು ಮೀಟರಿನ ಒಂದು ಘನ. ನಮ್ಮ ತರಗತಿಯ ಒಂದು ಮೂಲೆಯಲ್ಲಿ ಹಿಡಿಸುತ್ತದೆ! ಆಕಾಶ ಮುಟ್ಟುವಂತೆ ಕಾಣುವುದು ಒಳಗೆ ಉಕ್ಕಿನ ಚೌಕಟ್ಟು, ಮೇಲೆ ತೆಳು ಕಂಚಿನ ಹೊದಿಕೆ ಅಷ್ಟೆ. ನಾನು ಮೂರು ಸಲ ಲೆಕ್ಕ ಹಾಕಿದೆ, ನಂಬಿಕೆಯೇ ಬರಲಿಲ್ಲ.

ಇದನ್ನು ರೂಪಿಸಿದವರು ರಾಮ್ ವಿ. ಸುತಾರ್. 1925ರಲ್ಲಿ ಮಹಾರಾಷ್ಟ್ರದ ಧುಳೆ ಜಿಲ್ಲೆಯಲ್ಲಿ ಹುಟ್ಟಿದ ಬಡಗಿಯ ಮಗ. ಮೊದಲು ಪುರಾತತ್ವ ಇಲಾಖೆಯಲ್ಲಿದ್ದು ಅಜಂತಾ, ಎಲ್ಲೋರಾದ ಮುಕ್ಕಾದ ಶಿಲ್ಪಗಳನ್ನು ಸರಿಪಡಿಸುತ್ತಿದ್ದರು. ವಿಧಾನಸೌಧದ ಪಕ್ಕದಲ್ಲಿ ಕುಳಿತ ಗಾಂಧೀಜಿ, ಗುಜರಾತಿನ 182 ಮೀಟರಿನ ಪಟೇಲರು ಇಬ್ಬರೂ ಅವರ ಕೈಯವರೇ.

ಚಿಕ್ಕ ಮೂರ್ತಿಯ ದಾರಿ ಬೇರೆ. ಮೇಣದಲ್ಲಿ ಆಕಾರ ಮಾಡಿ, ಮಣ್ಣು ಮೆತ್ತಿ, ಕಾಯಿಸಿ ಮೇಣ ಹರಿಸಿ, ಖಾಲಿಯಾದ ಜಾಗಕ್ಕೆ ಲೋಹ ಹೊಯ್ಯುವುದು. ಅಚ್ಚು ಒಡೆದೇ ಮೂರ್ತಿ ತೆಗೆಯಬೇಕು. ಆದ್ದರಿಂದ ಒಂದು ಅಚ್ಚಿಗೆ ಒಂದೇ. ಇದನ್ನು 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ ಬರೆದಿಟ್ಟಿದ್ದಾನೆ. ಮೇಣವನ್ನು ತೂಗಿ, ಅದರ ಇಷ್ಟು ಪಟ್ಟು ಲೋಹ ತೆಗೆದುಕೊಳ್ಳಬೇಕೆಂಬ ಲೆಕ್ಕವೂ ಅದರಲ್ಲಿದೆ. ನಾವು ಪಿಯುಸಿಯಲ್ಲಿ ಓದುವ ಸಾಂದ್ರತೆ ಅದೇ ತಾನೆ? ರೋಣದಿಂದ ಗಜೇಂದ್ರಗಡಕ್ಕೆ ಹೋಗುವವರು ನೋಡುವ ಸೂಡಿಯಲ್ಲಿ ಅದೇ ಚಾಲುಕ್ಯರ ಟಂಕಸಾಲೆ ಇತ್ತು.

"ನಮ್ಮ ಮನೆಗಳಲ್ಲಿ ಮೂರ್ತಿ ಇಡೋದಿಲ್ಲ, ನೀನ್ಯಾಕ ಇದನ್ನ ಬರೀತಿ?" ಎಂದು ಒಬ್ಬ ಗೆಳೆಯ ಕೇಳಿದ. ಕೇಳಬೇಕಾದ ಪ್ರಶ್ನೆಯೇ. ಯಹೂದಿಯರೂ ಮೂರ್ತಿಯನ್ನು ಪೂಜಿಸುವುದಿಲ್ಲ; ಆದರೆ ಹನುಕ್ಕಾ ಹಬ್ಬದ ಎಂಟು ಬತ್ತಿಯ ದೀಪವನ್ನು ಕಂಚು, ಹಿತ್ತಾಳೆಯಲ್ಲಿ ಎಷ್ಟು ಕುಸುರಿಯಿಂದ ಎರಕ ಹೊಯ್ದಿದ್ದಾರೆ! ನಮ್ಮ ಮನೆಯ ಬದನಿಯನ್ನೂ ಯಾರೋ ಬೆಂಕಿಯ ಮುಂದೆ ಕುಳಿತೇ ಮಾಡಿದ್ದು. ಸ್ಮಾರಕವೆಂದರೆ ಎತ್ತರವಿರಲೇಬೇಕೆಂದೂ ನನಗನಿಸುವುದಿಲ್ಲ. 1980ರ ರೈತ ಬಂಡಾಯದ ನೆನಪಿಗೆ ನರಗುಂದದಲ್ಲಿರುವುದು ಒಂದು ವೀರಗಲ್ಲು. ಪ್ರತಿ ಜುಲೈ 21ಕ್ಕೆ ಅಲ್ಲಿ ಜನ ಸೇರುತ್ತಾರೆ.

ನಮ್ಮ ಮನೆಯ ಕೊನೆಯ ತಾಮ್ರದ ಹಂಡೆಯನ್ನು ಹೋದ ವರ್ಷ ನನ್ನ ಪ್ರವೇಶ ಶುಲ್ಕಕ್ಕಾಗಿ ತೂಕಕ್ಕೆ ಹಾಕಿದೆವು. ದಾದಾ ಏನೂ ಅಂದಿರಲಿಲ್ಲ. ಈ ಲೇಖನ ಓದಿ ಹೇಳಿದಾಗ ಟ್ರಂಕಿನಿಂದ ಬೆರಳುದ್ದದ ತವರದ ಕಡ್ಡಿ ತೆಗೆದುಕೊಟ್ಟರು, ಕಾಲೇಜಿನಲ್ಲಿ ತೋರಿಸು ಎಂದು. ಇದು 232 ಡಿಗ್ರಿಗೆ ಕರಗುತ್ತದೆ ಎಂದೆ.

"ಡಿಗ್ರಿ ನನಗ ಗೊತ್ತಿಲ್ಲ. ನೋಡಿದ ಕೂಡ್ಲೇ ತಿಳೀತಿತ್ತು" ಎಂದರು.