ಜಪಾನಿನ ಮಕ್ಕಳ ಲೆಕ್ಕ

ಜಪಾನ್ ದೇಶದಲ್ಲಿ ಮೇ 5ನೆಯ ತಾರೀಖು ಮಕ್ಕಳ ದಿನ. ಅಂದು ರಜೆ. ಗಳ ನೆಟ್ಟು ಬಟ್ಟೆಯ ಮೀನುಗಳನ್ನು ಗಾಳಿಗೆ ಹಾರಿಸುತ್ತಾರೆ. ಆ ಹಬ್ಬದ ಹೊತ್ತಿಗೆ, ಹದಿನೈದು ತುಂಬದ ಮಕ್ಕಳು ದೇಶದಲ್ಲಿ ಎಷ್ಟಿದ್ದಾರೆಂಬ ಲೆಕ್ಕವನ್ನು ಸರಕಾರ ಪ್ರಕಟಿಸುವುದು ವಾಡಿಕೆ. 2025ರಲ್ಲಿ ಬಂದ ಲೆಕ್ಕ 1 ಕೋಟಿ 36 ಲಕ್ಷ 60 ಸಾವಿರ; ಎಂದರೆ ನೂರು ಜನರಲ್ಲಿ ಹನ್ನೊಂದು ಮಕ್ಕಳು. 1950ರಲ್ಲಿ ನೂರಕ್ಕೆ ಮೂವತ್ತೈದು ಮಕ್ಕಳಿದ್ದರು. 1982ರಿಂದ ಮೊದಲುಗೊಂಡು 2025ರ ವರೆಗೆ ಒಂದು ವರ್ಷವೂ ತಪ್ಪದೆ ಈ ಸಂಖ್ಯೆ ಇಳಿಯುತ್ತ ಬಂದಿದೆ.

ಗಿರಣಿಯಲ್ಲಿ ಮಸ್ಟರು ಬರೆಯುವ ನಮ್ಮಂಥವರಿಗೆ ಇದರ ಗುಟ್ಟು ತಿಳಿಯುವುದು ಕಷ್ಟವಲ್ಲ. ಮಸ್ಟರಿನಲ್ಲಿ ಹೊಸಬನ ಹೆಸರು ಸೇರುತ್ತದೆ, ನಿವೃತ್ತನಾದವನ ಹೆಸರು ಹೋಗುತ್ತದೆ. ಮಕ್ಕಳ ಪಟ್ಟಿಯೂ ಹಾಗೆಯೇ. ಹುಟ್ಟಿದ ಕೂಸು ಸೇರುತ್ತದೆ, ಹದಿನೈದು ತುಂಬಿದವರು ಹೊರಬೀಳುತ್ತಾರೆ. ಆದ್ದರಿಂದ ಹೆರಿಗೆಗಳು ಕಡಿಮೆಯಾದ ಕೂಡಲೆ ಪಟ್ಟಿ ಕರಗುವುದಿಲ್ಲ. ಕೆಲವು ಕಾಲ ಬೆಳೆಯುತ್ತಲೂ ಇರಬಹುದು.

ಮಹಾಯುದ್ಧ ಮುಗಿದು ಸಿಪಾಯಿಗಳು ಮನೆಗೆ ಮರಳಿದ ಮೇಲೆ, 1947ರಿಂದ 1949ರ ವರೆಗೆ ಜಪಾನಿನಲ್ಲಿ ವರ್ಷಕ್ಕೆ ಸುಮಾರು 27 ಲಕ್ಷ ಕೂಸುಗಳು ಹುಟ್ಟಿದವು. ದೇಶ ಸುಟ್ಟು ಹೋಗಿತ್ತು, ಅನ್ನಕ್ಕೆ ಕೊರತೆ. ಬಡತನದ ಕಾರಣಕ್ಕೂ ಗರ್ಭ ತೆಗೆಸಬಹುದೆಂದು 1949ರಲ್ಲಿ ಕಾನೂನು ಸಡಿಲವಾಯಿತು. ಸಂತಾನ ನಿಯಂತ್ರಣವೂ ಹಬ್ಬಿತು. 1957ರಲ್ಲಿ ಹುಟ್ಟಿದವರು 15 ಲಕ್ಷ 70 ಸಾವಿರ ಮಾತ್ರ. ಎಂಟೇ ವರ್ಷದಲ್ಲಿ ಇಷ್ಟು ಇಳಿತ! ಆದರೂ ಮಕ್ಕಳ ಒಟ್ಟು ಸಂಖ್ಯೆ ಮೇಲೇರುತ್ತಲೇ ಹೋಗಿ 1954ರಲ್ಲಿ 2 ಕೋಟಿ 99 ಲಕ್ಷದ ಹತ್ತಿರ ಮುಟ್ಟಿತು. ಅದೇ ಶಿಖರ.

ನಡುವೆ 1966ರದು ಒಂದು ವಿಚಿತ್ರ. ಅಲ್ಲಿಯ ಪಂಚಾಂಗದಲ್ಲಿ ಅರವತ್ತು ವರ್ಷಕ್ಕೊಮ್ಮೆ 'ಬೆಂಕಿ ಕುದುರೆ'ಯ ವರ್ಷ ಬರುತ್ತದೆ. ಆ ವರ್ಷ ಹುಟ್ಟಿದ ಹೆಣ್ಣು ಗಂಡನ ಆಯುಸ್ಸಿಗೆ ಕೇಡು ಎಂಬ ನಂಬಿಕೆ. ಹಿಂದಿನ ವರ್ಷ 18 ಲಕ್ಷ ದಾಟಿದ್ದ ಹೆರಿಗೆಗಳು ಆ ವರ್ಷ 13 ಲಕ್ಷ 60 ಸಾವಿರಕ್ಕೆ ಬಿದ್ದು, ಮರುವರ್ಷ 19 ಲಕ್ಷಕ್ಕೂ ಮೇಲೆ ಜಿಗಿದವು. ಮೂಲಾ ನಕ್ಷತ್ರದ ಹೆಣ್ಣು ಮಾವನಿಗೆ ಆಗದೆಂದು ಜಾತಕ ತಿರುಗಿಸಿ ಕಳಿಸುವ ನಾವು ನಗಬೇಕಾದ ಸಂಗತಿಯಲ್ಲ.

ಯುದ್ಧದ ನಂತರ ಹುಟ್ಟಿದ ಹೆಣ್ಣುಮಕ್ಕಳು ತಾಯಂದಿರಾದ ಕಾಲಕ್ಕೆ, 1971ರಿಂದ 1974ರ ವರೆಗೆ, ಎರಡನೆಯ ಅಲೆ ಬಂತು; ವರ್ಷಕ್ಕೆ 20 ಲಕ್ಷ ಮೀರಿ ಹೆರಿಗೆ. 1970ರಲ್ಲಿ ಎರಡೂವರೆ ಕೋಟಿಗೆ ಇಳಿದಿದ್ದ ಮಕ್ಕಳ ಸಂಖ್ಯೆ 1980ರಲ್ಲಿ 2 ಕೋಟಿ 75 ಲಕ್ಷವಾಯಿತು. ಈ ಲೆಕ್ಕದ ಪ್ರಕಾರ 1990ರ ದಶಕದ ಕೊನೆಗೆ ಮೂರನೆಯ ಅಲೆ ಬರಬೇಕಿತ್ತು. ಬರಲಿಲ್ಲ.

ಏಕೆ ಬರಲಿಲ್ಲ ಎಂಬುದರಲ್ಲಿಯೇ, ನಮ್ಮ ಮತದಂತೆ, ಈ ಪಾಠದ ತಿರುಳಿದೆ. ಎರಡನೆಯ ಅಲೆಯವರು ಓದು ಮುಗಿಸಿ ನೌಕರಿ ಕೇಳುವ ಹೊತ್ತಿಗೆ ಜಪಾನಿನ ಸಟ್ಟಾ ಬಜಾರು ಕುಸಿದಿತ್ತು. ಕಂಪನಿಗಳು ಕಾಯಂ ನೇಮಕ ನಿಲ್ಲಿಸಿ ಹಂಗಾಮಿ ಕೆಲಸ ಕೊಟ್ಟವು. ಪಗಾರ ನಿಶ್ಚಯವಿಲ್ಲದ ಗಂಡಿಗೆ ಮದುವೆ ತಡವಾಯಿತು, ಹಲವರಿಗೆ ಆಗಲೇ ಇಲ್ಲ. ಕೆಲಸದಲ್ಲಿದ್ದ ಹೆಣ್ಣಿಗೆ ಕೂಸೋ ಕೆಲಸವೋ ಎಂಬ ಪ್ರಶ್ನೆ. ಮದುವೆಯಿಲ್ಲದೆ ಮಕ್ಕಳಾಗುವುದು ಆ ದೇಶದಲ್ಲಿ ನೂರಕ್ಕೆ ಎರಡರಷ್ಟು. ಹಾಗಾಗಿ ಮದುವೆ ನಿಂತರೆ ತೊಟ್ಟಿಲೂ ನಿಂತಿತು. ಖೋಲಿ ಸಿಕ್ಕಲಿ, ಕೆಲಸ ಕಾಯಂ ಆಗಲಿ ಎಂದು ಮದುವೆ ಮುಂದೂಡುವವರು ನಮ್ಮ ವಾಚನಾಲಯದಲ್ಲಿಯೂ ಇದ್ದಾರೆ. ಅವರಿಗೆ ಹೆಚ್ಚಿನ ವಿವರಣೆ ಬೇಡ.

ತಡವಾದರೆ ಏನು, ಆಮೇಲೆ ಹೆಚ್ಚು ಹೆತ್ತರಾಯಿತು ಎನ್ನಬಹುದು. ಕಾಗದ ಪೆನ್ಸಿಲು ಹಿಡಿದು ನೋಡೋಣ. ನೂರು ತಾಯಂದಿರಿಗೆ ಸರಾಸರಿ 1.3ರಂತೆ 130 ಮಕ್ಕಳು. ಅವರಲ್ಲಿ ಹೆಣ್ಣು ಸುಮಾರು 63. ಇವರೂ 1.3ರಂತೆಯೇ ಹೆತ್ತರೆ ಮೊಮ್ಮಕ್ಕಳು 82. ಇವರಿಗೆ ಬುದ್ಧಿ ಹೇಳಿ, ಸವಲತ್ತು ಕೊಟ್ಟು, ತಲೆಗೆ ಎರಡು ಹೆರಿಸಿದರೂ 126. ಹಿಂದಿನ 130ಕ್ಕೆ ಇನ್ನೂ ಕಡಿಮೆ. ಇಂದು ಹುಟ್ಟದ ಮಗಳು ಇಪ್ಪತ್ತೈದು ಮೂವತ್ತು ವರ್ಷಗಳ ಮೇಲೆ ಇಲ್ಲದ ತಾಯಿ. ಜಪಾನಿನ ಸರಕಾರ ಎಚ್ಚರಗೊಂಡು ಭತ್ಯ ಕೊಟ್ಟಿತು, ಶಿಶುವಿಹಾರ ತೆರೆಯಿತು, 2023ರ ಏಪ್ರಿಲಿನಲ್ಲಿ ಮಕ್ಕಳಿಗೆಂದೇ ಬೇರೆ ಇಲಾಖೆ ಮಾಡಿತು. ಸರಾಸರಿ 2005ರಲ್ಲಿ 1.26 ಇದ್ದದ್ದು ಕೊಂಚ ಏರಿ, ಮತ್ತೆ ಜಾರಿ 2024ರಲ್ಲಿ 1.15ಕ್ಕೆ ಬಂತು. ಆ ವರ್ಷ ಹುಟ್ಟಿದ ಜಪಾನೀ ಕೂಸುಗಳು 6 ಲಕ್ಷ 86 ಸಾವಿರ. 1949ರ ನಾಲ್ಕನೆಯ ಒಂದು ಪಾಲಿಗೂ ಚೂರು ಹೆಚ್ಚಷ್ಟೇ.

ನಮ್ಮಲ್ಲಿ ಶಾಲೆಯ ಬಾಗಿಲಿಗೆ ಹೋದರೆ ಕಾಲಿಡಲು ಜಾಗವಿಲ್ಲ, ಈ ಮಾತು ನಮಗೇಕೆ ಎಂದು ವಾಚಕರು ಕೇಳಿಯಾರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಭಾರತದ ಸರಾಸರಿ 2.0, ಕರ್ನಾಟಕದ್ದು 1.7. ಜನಸಂಖ್ಯೆ ಇದ್ದಷ್ಟೇ ನಿಲ್ಲಲು ಸುಮಾರು 2.1 ಬೇಕು. ನಾವು ಬಿಟ್ಟುಬಂದ ಊರುಗಳಲ್ಲಿ ಈಗ ಹೆರುವ ವಯಸ್ಸಿನವರು, ಮನೆ ತುಂಬ ಮಕ್ಕಳಿದ್ದ ಕಾಲದಲ್ಲಿ ಹುಟ್ಟಿದವರು. ಆದುದರಿಂದ ತೊಟ್ಟಿಲು ಇನ್ನೂ ಸಾಲಾಗಿ ಕಾಣುತ್ತವೆ. ಮೇಲಿನ ಲೆಕ್ಕವನ್ನೇ 1.7ರಿಂದ ಮಾಡಿದರೆ ನೂರು ತಾಯಂದಿರಿಗೆ ಮಕ್ಕಳು 170, ಮೊಮ್ಮಕ್ಕಳು ಸುಮಾರು 141.