ಬರಿಗಾಲಿನ ಹರಕೆ, ಸಕ್ಕರೆ ಕಾಯಿಲೆಯ ಪಾದ



ಮಾತೆ ಮರಿಯಮ್ಮನ ಹಬ್ಬದ ಆಗಸ್ಟ್ 29ರ ಧ್ವಜಾರೋಹಣಕ್ಕೆ ಬೆಂಗಳೂರಿನಿಂದ ವೇಳಾಂಗಣಿಗೆ ನಡೆದೇ ಹೋಗುವ ನಿಮ್ಮ ಹರಕೆಯನ್ನು ಬಿಡಿ ಎನ್ನಲಾರೆ. ಬರಿಗಾಲನ್ನು ಮಾತ್ರ ಬಿಡಿ. ಹತ್ತು ವರ್ಷದ ಸಕ್ಕರೆ ಕಾಯಿಲೆ, ಪಾದ ಜೋಮು ಹಿಡಿದಿದೆ ಎಂದಿದ್ದೀರಿ; ಕಾದ ಡಾಂಬರು ಸುಟ್ಟರೂ ಅಂಥ ಪಾದಕ್ಕೆ ಗೊತ್ತಾಗುವುದಿಲ್ಲ. ಈಗಾಗಲೇ ಹಾಕಿ ರೂಢಿಯಾದ ಶೂ ತೊಡಿ. ರಾತ್ರಿ ತಂಗಿದಲ್ಲಿ ಜೊತೆಗಾರರಿಂದ ಅಂಗಾಲು, ಬೆರಳ ಸಂದು ಎಲ್ಲವನ್ನೂ ಟಾರ್ಚ್ ಬಿಟ್ಟು ನೋಡಿಸಿ. ಬೊಬ್ಬೆ ಚುಚ್ಚಬೇಡಿ, ಗಾಯ ಕಂಡರೆ ನಡಿಗೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ನಡೆಯುವಾಗ ಸಕ್ಕರೆ ದಿಢೀರನೆ ಇಳಿಯಬಹುದು, ಗ್ಲೂಕೋಸ್ ಕೈಗೆಟುಕುವಲ್ಲಿರಲಿ. ಮಾತ್ರೆಯ ಪ್ರಮಾಣವನ್ನು ಹೊರಡುವ ಮೊದಲೇ ನಿಮ್ಮ ವೈದ್ಯರಲ್ಲಿ ಕೇಳಿ.

ವೇಳಾಂಗಣಿ ತಲುಪಿದ ಮೇಲೆ, ಅಲ್ಲಿನ ಬಸಿಲಿಕದಿಂದ ಮಾತೆಯ ಕೊಳದತ್ತ ಮರಳಿನ ಹಾದಿಯಿದೆ, ಭಕ್ತರು ಮೊಣಕಾಲೂರಿ ಸಾಗುವ ಹಾದಿ. ಅಲ್ಲೂ ಬರಿಗಾಲು ಬೇಡಮ್ಮ. ಬರೀ ಕಾಲುಚೀಲವೂ ಸಾಲದು; ಬೆಳಗಿನ ತಂಪಿನಲ್ಲಿ, ಶೂ ತೊಟ್ಟೇ ನಡೆಯಿರಿ.